ಹಿನ್ನೀರ ದಂಡೆಯಲ್ಲಿ ಮುಧೋಳ ನಾಯಿ: ಸಂಜೆ ಬೆಳಕಿನ ಫೋಟೊ ತೆಗೆಯುವುದು ಹೇಗೆ?

ಮುಧೋಳ ನಾಯಿ ಸಾಕಿದವರಿಗೆ ಸಂಜೆಯ ನಡಿಗೆ ತಪ್ಪಿಸುವ ಹಾಗಿಲ್ಲ. ಓಡುವುದಕ್ಕೇ ಹುಟ್ಟಿದ ತಳಿ ಅದು. ಬಾಗಲಕೋಟೆ ಸುತ್ತಮುತ್ತ ಇರುವವರು ಒಮ್ಮೆ ಆಲಮಟ್ಟಿ ಹಿನ್ನೀರಿನ ಕಡೆ ಕರೆದುಕೊಂಡು ಹೋಗಿ. ಮಳೆಗಾಲದಲ್ಲಿ ತುಂಬಿದ ನೀರು ಬೇಸಿಗೆ ಹೊತ್ತಿಗೆ ಹಿಂದೆ ಸರಿಯುತ್ತದೆ. ಆಗ ಜನರೇ ಇಲ್ಲದ ಅಗಲವಾದ ದಂಡೆ ಸಿಗುತ್ತದೆ.

ಮೊದಲು ಜಾಗ ನೋಡಿಕೊಳ್ಳಿ. ಸೂರ್ಯ ನೀರಿನ ಮೇಲೆ ಮುಳುಗಬೇಕೆಂದರೆ ನೀವು ಪೂರ್ವದ ದಂಡೆಯಲ್ಲಿರಬೇಕು. ಚಳಿಗಾಲದಲ್ಲಿ ಸೂರ್ಯ ನೈಋತ್ಯದ ಕಡೆಗೆ, ಬೇಸಿಗೆಯಲ್ಲಿ ವಾಯವ್ಯದ ಕಡೆಗೆ ವಾಲುತ್ತಾನೆ. ಹಾಗಾಗಿ ಜನವರಿಯಲ್ಲಿ ಚೆನ್ನಾಗಿ ಕಂಡ ಜಾಗ ಮೇ ತಿಂಗಳಲ್ಲಿ ಕೆಲಸಕ್ಕೆ ಬಾರದೇ ಇರಬಹುದು. ಸೂರ್ಯ ಮುಳುಗಲು ಒಂದು ತಾಸು ಇರುವಾಗಲೇ ತಲುಪಿ.

ಎರೆ ಮಣ್ಣಿನ ದಂಡೆ ಮೇಲೆ ಒಣಗಿ ಬಿರಿದಂತೆ ಕಂಡರೂ ಒಳಗೆ ಕೆಸರಿರುತ್ತದೆ. ದನಗಳ ಹೆಜ್ಜೆ ಗಟ್ಟಿಯಾಗಿ ಮೂಡಿದ ಕಡೆಯೇ ನಡೆಯಿರಿ. ನೀರು ಇಳಿದ ಜಾಗದಲ್ಲಿ ಬಿತ್ತಿದ ಬೆಳೆಯಿದ್ದರೆ ತುಳಿಯಬೇಡಿ. ಹತ್ತಿರ ಕುರಿಹಟ್ಟಿ ಇದ್ದರೆ, ‘ಅಣ್ಣಾರ, ಈ ಕಡೆ ನಾಯಿ ಅದಾವೇನ್ರಿ?’ ಎಂದು ಮೊದಲೇ ಕೇಳಿ. ಕುರಿ ಕಾಯುವ ನಾಯಿಗಳು ಹೊರಗಿನ ನಾಯಿಯನ್ನು ಸುಮ್ನೆ ಬಿಡುವುದಿಲ್ಲ.

ಹಗ್ಗ ಬಿಚ್ಚಬೇಡಿ. ಇದನ್ನು ಮಾತ್ರ ಒತ್ತಿ ಹೇಳುತ್ತೇನೆ. ಮುಧೋಳ ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನಾದರೂ ಓಡಿದರೆ ಸಾಕು, ನಿಮ್ಮ ಕೂಗು ಅದಕ್ಕೆ ಕೇಳುವುದೇ ಇಲ್ಲ. ಹಿನ್ನೀರಿಗೆ ರಾಜಹಂಸಗಳೂ (ಫ್ಲೆಮಿಂಗೊ) ಬರುತ್ತವೆ. ಮೇಯುತ್ತಿರುವ ಹಿಂಡನ್ನು ಎಬ್ಬಿಸಿ ತೆಗೆದ ಫೋಟೊ ಯಾರಿಗೂ ಬೇಡ. ಉದ್ದನೆಯ ಹಗ್ಗ ಹಾಕಿ, ಇನ್ನೊಬ್ಬರ ಕೈಗೆ ಕೊಡಿ. ಕ್ಯಾಮೆರಾ, ನಾಯಿ ಎರಡನ್ನೂ ಒಬ್ಬರೇ ಸಂಭಾಳಿಸುವುದು ಕಷ್ಟ.

ಈಗ ಫೋಟೊ. ಈ ನಾಯಿಯ ಚೆಂದ ಇರುವುದು ಅದರ ಆಕಾರದಲ್ಲಿ: ಉದ್ದ ಕಾಲು, ಆಳವಾದ ಎದೆ, ಒಳಕ್ಕೆ ಸೇದಿದ ಹೊಟ್ಟೆ. ಅದಕ್ಕೇ ಸೂರ್ಯನ ಎದುರು ಕಪ್ಪು ನೆರಳಾಗಿ ತೆಗೆಯುವುದೇ ಸರಿ. ನಾಯಿ ಅಡ್ಡಲಾಗಿ ನಡೆಯಬೇಕು. ಎದುರಿಗೆ ಬಂದರೆ ಬರೀ ಕಂಬದಂತೆ ಕಾಣುತ್ತದೆ. ನೀವು ಕುಕ್ಕರುಗಾಲಲ್ಲಿ ಕುಳಿತು, ಕ್ಯಾಮೆರಾವನ್ನು ನೆಲದ ಹತ್ತಿರ ಹಿಡಿಯಿರಿ. ಆಗ ನಾಯಿಯ ಮೈ ಪೂರ್ತಿ ಆಕಾಶದ ಮೇಲೆ ಬರುತ್ತದೆ, ಹೊಟ್ಟೆಯ ಕೆಳಗಿಂದ ಬೆಳಕು ಕಾಣುತ್ತದೆ. ದೂರದ ದಂಡೆಯ ಗೆರೆ ಕುತ್ತಿಗೆಯನ್ನು ಕತ್ತರಿಸಿದಂತೆ ಹಾದುಹೋಗಬಾರದು.

ಮೊಬೈಲಿನಲ್ಲಾದರೆ ಸೂರ್ಯನ ಪಕ್ಕದ ಆಕಾಶವನ್ನು ಒತ್ತಿ ಹಿಡಿದು ಲಾಕ್ ಮಾಡಿ, ಬೆಳಕನ್ನು ಕೆಳಗೆ ಎಳೆಯಿರಿ. ನೈಟ್ ಮೋಡ್ ಬೇಡ. ಅದಕ್ಕೆ ಅಲುಗಾಡದ ವಸ್ತು ಬೇಕು, ನಾಯಿ ನಿಲ್ಲಬೇಕಲ್ವಾ! ಸಾಲಾಗಿ ಹತ್ತಾರು ಚಿತ್ರ ತೆಗೆದು, ನಾಲ್ಕೂ ಕಾಲು ಬಿಡಿಬಿಡಿಯಾಗಿ ಕಾಣುವುದನ್ನು ಆರಿಸಿ. ಕ್ಯಾಮೆರಾ ಇದ್ದವರು ನಡಿಗೆಗೆ ಶಟರ್ ವೇಗ 1/500 ಸೆಕೆಂಡ್, ಓಟಕ್ಕೆ 1/1000 ಇಟ್ಟು, ಬೆಳಕು ಇಳಿದಂತೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರಿಸಿ. ಡಿಎಸ್‌ಎಲ್‌ಆರ್ ಕಿಂಡಿಯಿಂದ ಸೂರ್ಯನನ್ನು ನೇರವಾಗಿ ನೋಡಬೇಡಿ, ಕಣ್ಣಿಗೆ ಪೆಟ್ಟು.

ಸೂರ್ಯ ಮುಳುಗಿದ ಕೂಡಲೇ ಹೊರಡಬೇಡಿ. ಮುಂದಿನ ಹತ್ತು ಹದಿನೈದು ನಿಮಿಷ ಕೆಂಪು ಜಾಸ್ತಿಯಾಗಬಹುದು. ಅಷ್ಟರಲ್ಲಿ ನಾಯಿಗೆ ಮನೆಯಿಂದ ತಂದ ನೀರು ಕುಡಿಸಿ. ವಾಪಸು ಬರಲು ಟಾರ್ಚ್ ಇರಲಿ. ಗಾಡಿ ಹತ್ತಿಸುವ ಮುಂಚೆ ಅದರ ಬೆರಳ ಸಂದಿಯ ಎರೆ ಮಣ್ಣನ್ನು ತೊಳೆದುಬಿಡಿ. ಒಣಗಿದ ಮೇಲೆ ಗಟ್ಟಿಯಾಗಿ ನಾಯಿ ಕುಂಟುತ್ತದೆ.