ಲಗ್ನಪತ್ರಿಕೆಯಿಂದ ಶುರುವಾದ ಕೆಲಸ

ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿ 2009ರಲ್ಲಿ ಒಂದು ಡಿಟಿಪಿ ಸೆಂಟರಿಗೆ ಸೇರಿಕೊಂಡೆ. ಗ್ರಾಫಿಕ್ ಡಿಸೈನ್ ಎಂಬ ಮಾತು ಅಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಪೋಸ್ಟರ್, ಇಷ್ಟೇ ಕೆಲಸ. ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ, ಕೋರೆಲ್‌ಡ್ರಾ ಎಂಬ ವಿನ್ಯಾಸದ ತಂತ್ರಾಂಶದಲ್ಲಿ ಜೋಡಿಸಿ, ಕರಡು ತೋರಿಸಿ ತಿದ್ದಬೇಕು.

ಮೂರನೇ ತಿಂಗಳಲ್ಲಿ 400 ಲಗ್ನಪತ್ರಿಕೆ ಹಾಳುಮಾಡಿದೆ. ಫೈಲ್ ಪ್ರೆಸ್ಸಿಗೆ ಕೊಡುವ ಮುಂಚೆ ಅಕ್ಷರಗಳನ್ನು ಕರ್ವ್ಸ್ ಮಾಡಿರಲಿಲ್ಲ, ಅಂದರೆ ಫಾಂಟ್ ಇಲ್ಲದಿದ್ದರೂ ಕೆಡದಂತೆ ಗೆರೆಗಳ ಚಿತ್ರವಾಗಿಸಿರಲಿಲ್ಲ. ನಾವು ಬಳಸುತ್ತಿದ್ದ ಫಾಂಟುಗಳು ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಎಲ್ಲೆಡೆ ಒಂದೇ ಸಂಕೇತ ಕೊಡುವ ಪದ್ಧತಿ) ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕು ಕೂರಿಸಿದಂಥವು. ಪ್ರೆಸ್ಸಿನಲ್ಲಿ ನಮ್ಮ ಫಾಂಟ್ ಇಲ್ಲದೆ ಬೇರೆ ಕನ್ನಡ ಫಾಂಟ್ ಹಾಕಿಕೊಂಡರು, ಸಣ್ಣ ಅಕ್ಷರದ ಸಾಲುಗಳಲ್ಲಿ ಒತ್ತುಗಳು ಅದಲುಬದಲಾದವು. ಹುಡುಗಿಯ ತಂದೆ ಬೆರಳಿಟ್ಟು ಓದುತ್ತಾ ಹೋದವರು ಮುಹೂರ್ತದ ಸಾಲಿಗೆ ಬಂದು ನಿಂತುಬಿಟ್ಟರು. ತಪ್ಪು ನನ್ನದೇ. ಮರುಮುದ್ರಣದ ಖರ್ಚು ನನ್ನ ಸಂಬಳದಲ್ಲಿ ಹೋಯಿತು. ಆಮೇಲೆ ಎರಡು ತಿಂಗಳು ಸಂಜೆ ಪ್ರೆಸ್ಸಿನಲ್ಲೇ ನಿಂತು ಕಲಿತೆ: ಕಟಿಂಗ್‌ಗೆ ಸುತ್ತಲೂ 3 ಮಿ.ಮೀ. ಬ್ಲೀಡ್ (ಕತ್ತರಿಸಿಹೋಗುವ ಹೆಚ್ಚುವರಿ ಅಂಚು) ಏಕೆ ಬೇಕು, ಸಣ್ಣ ಅಕ್ಷರಕ್ಕೆ ಅಚ್ಚಿನ ನಾಲ್ಕೂ ಬಣ್ಣದ ಶಾಯಿ ಸೇರಿಸಿ ಕಪ್ಪು ಮಾಡಿದರೆ ಅಂಚು ಏಕೆ ಮಸುಕಾಗುತ್ತದೆ.

2014ರಲ್ಲಿ ಬೆಂಗಳೂರಿಗೆ ಬಂದೆ. ಸಂದರ್ಶನದಲ್ಲಿ ಸರ್ಟಿಫಿಕೇಟ್ ಯಾರೂ ಕೇಳಲಿಲ್ಲ, ಕೆಲಸ ತೋರಿಸಿ ಅಂದರು. ನಾನು ಒಯ್ದದ್ದು ಎಂಟೇ ಕೆಲಸ. ಅದರಲ್ಲಿ ಒಂದು ಬೆಣ್ಣೆ ದೋಸೆ ಹೋಟೆಲಿನ ಮೆನು, ಯಾರೂ ಕೇಳದೆ ನಾನೇ ಹೊಸದಾಗಿ ಮಾಡಿದ್ದು. ಅವರು ಹೆಚ್ಚು ಹೊತ್ತು ನೋಡಿದ್ದು ಅದನ್ನೇ, ಅದರಲ್ಲಿನ ಕನ್ನಡವನ್ನು.

ಕನ್ನಡ ಅಕ್ಷರ ಕೂರಿಸೋದು ನಿಜಕ್ಕೂ ಬೇರೆ ವಿದ್ಯೆ. 'ರಾಷ್ಟ್ರೀಯ' ಎಂಬ ಪದ ತೆಗೆದುಕೊಳ್ಳಿ. ಷಕಾರದ ಕೆಳಗೆ ಟ ಒತ್ತು, ಅದರ ಜೊತೆಗೆ ರ ಒತ್ತು. ಇನ್‌ಡಿಸೈನ್ ಎಂಬ ಪುಟವಿನ್ಯಾಸದ ತಂತ್ರಾಂಶ ತಾನಾಗಿ ಕೊಡುವ ಸಾಲಿನ ಅಂತರ ಅಕ್ಷರದ ಅಳತೆಯ 120%. ಇಂಗ್ಲಿಷಿಗೆ ಸಾಕು, ನಮ್ಮ ಒತ್ತಿಗೆ ಸಾಲದು. ಕೆಳಗಿನ ಸಾಲಿನ ಗುಡಿಸಿಗೋ ತಲೆಕಟ್ಟಿಗೋ ಒತ್ತು ತಾಗಿಬಿಡುತ್ತದೆ. ನಾನು 12 ಪಾಯಿಂಟ್ ಅಕ್ಷರಕ್ಕೆ 18 ಪಾಯಿಂಟ್ ಸಾಲಿನ ಅಂತರದಿಂದ ಶುರುಮಾಡಿ, ಫಾಂಟ್ ನೋಡಿಕೊಂಡು ಹೆಚ್ಚು ಕಡಿಮೆ ಮಾಡುತ್ತೇನೆ. ಆ ತಂತ್ರಾಂಶದಲ್ಲೇ ಇರುವ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆ ಆನ್ ಮಾಡದಿದ್ದರೆ ಯೂನಿಕೋಡ್ ಕನ್ನಡ ಒಡೆದುಹೋಗುತ್ತದೆ. ಇಷ್ಟನ್ನೂ ಗಮನಿಸದೆ ಅಚ್ಚಾದ ಜಾಹೀರಾತು ಕಂಡಾಗ ಈಗಲೂ ಸಂಕಟವಾಗುತ್ತದೆ.

ಈ ದಾರಿಗೆ ಬರುವವರು ಕೇಳುತ್ತಾರೆ, ಕಾಲೇಜು ಬೇಕಾ? ಅನುಕೂಲವಿದ್ದರೆ ಖಂಡಿತ ಹೋಗಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ, ಇಂಥ ಕಲಾ ಕಾಲೇಜುಗಳಿವೆ. ನನಗೆ ಆ ಅನುಕೂಲ ಇರಲಿಲ್ಲ. ಇಲ್ಲದವರು ಇಂಕ್‌ಸ್ಕೇಪ್ ಎಂಬ ವಿನ್ಯಾಸದ ತಂತ್ರಾಂಶ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಅನೇಕ್ ಕನ್ನಡ, ಬಲೂ ತಮ್ಮ, ನೋಟೋ, ಈ ಫಾಂಟುಗಳೂ ಉಚಿತ. ನಿಮ್ಮ ಬೀದಿಯ ಅಂಗಡಿಯೊಂದರ ಬೋರ್ಡನ್ನೇ ಎತ್ತಿಕೊಂಡು ಹತ್ತು ಸಲ ಮಾಡಿ ನೋಡಿ. ಹಾಗೇ, ಹತ್ತಿರದ ಪ್ರೆಸ್ಸಿನವರ ಸ್ನೇಹ ಮಾಡಿಕೊಳ್ಳಿ.

ಈಗ ಸ್ವಂತವಾಗಿ ಕೆಲಸ ಮಾಡುತ್ತೇನೆ. ಅರ್ಧ ದುಡ್ಡು ಮುಂಗಡ. ಕರಡನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು ಗ್ರಾಹಕರ ಕೈಗೆ ಕೊಟ್ಟು, ಅವರು ಪೂರ್ತಿ ಓದುವವರೆಗೆ ಎದುರಿಗೇ ಕೂತಿರುತ್ತೇನೆ. ಸಹಿ ಬಿದ್ದ ಮೇಲೇ ಪ್ರೆಸ್ಸಿಗೆ.