ವಾಲ್ವ್ ಒಳಗೆ ಜಲ್ಲಿ ಉರುಳಿದಂಥ ಸದ್ದೇ? ಹೀಗೆ ಮಾಡಿ

ಮಂಗಳೂರಿನ ಬೈಕಂಪಾಡಿಯ ಕಾರ್ಖಾನೆಗಳಲ್ಲಿ ನೀರಿನ ಲೈನ್ ನೋಡಿಕೊಳ್ಳುವವರಿಗೆ ಈ ಸದ್ದು ಹೊಸದಲ್ಲ. ಅರ್ಧ ತೆರೆದ ವಾಲ್ವ್ ಒಳಗೆ ಜಲ್ಲಿ ಉರುಳಿದ ಹಾಗೆ ಗರಗರ. ಕಸ ಸಿಕ್ಕಿರಬೇಕು ಎಂದು ಬಿಚ್ಚಿದರೆ ಕಸವೇ ಇರುವುದಿಲ್ಲ. ಇದು ಕ್ಯಾವಿಟೇಶನ್.

ವಾಲ್ವಿನ ಕಿರಿದಾದ ಜಾಗದಲ್ಲಿ ನೀರಿನ ವೇಗ ಏರುತ್ತದೆ, ಪ್ರೆಶರ್ ಇಳಿಯುತ್ತದೆ. ಆವಿ ಒತ್ತಡಕ್ಕಿಂತಲೂ (ಆ ಬಿಸಿಯಲ್ಲಿ ನೀರು ಕುದಿಯುವ ಪ್ರೆಶರ್) ಕೆಳಗೆ ಹೋದರೆ ತಣ್ಣೀರೇ ಕುದಿದು ಗುಳ್ಳೆ ಏಳುತ್ತದೆ. ಸ್ವಲ್ಪ ಮುಂದೆ ಪ್ರೆಶರ್ ಮತ್ತೆ ಏರಿದಾಗ ಆ ಗುಳ್ಳೆಗಳು ಒಳಕ್ಕೆ ಕುಸಿಯುತ್ತವೆ. ಆಗ ಚಿಮ್ಮುವ ನೀರಿನ ಸಣ್ಣ ಧಾರೆ ಉಕ್ಕನ್ನೂ ಕೆತ್ತುತ್ತದೆ.

ಮೊದಲು ವಾಲ್ವ್ ಮುಚ್ಚುವ ಪ್ಲಗ್, ಅದು ಕೂರುವ ಸೀಟ್ ನೋಡಿ. ಸಣ್ಣ ಸಣ್ಣ ಗುಂಡಿ ಬಿದ್ದು ಒರಟಾಗಿದ್ದರೆ ಕ್ಯಾವಿಟೇಶನ್. ಪಾಲಿಶ್ ಹೊಡೆದಂತೆ ನಯವಾಗಿ ಸವೆದಿದ್ದರೆ ಅದು ಫ್ಲಾಶಿಂಗ್, ಅಂದರೆ ಗುಳ್ಳೆ ಕುಸಿಯದೆ ಆವಿಯಾಗಿಯೇ ಮುಂದೆ ಹೋಗುವುದು; ಅದರ ಪರಿಹಾರವೇ ಬೇರೆ.

ಆಮೇಲೆ ವಾಲ್ವಿನ ಎರಡೂ ಬದಿಯ ಪ್ರೆಶರ್ ಬರೆದುಕೊಳ್ಳಿ. ಗೇಜ್ ಗಾಳಿಯ ಒತ್ತಡವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ತೋರಿಸಿದ್ದಕ್ಕೆ 1 ಬಾರ್ ಕೂಡಿಸಲು ಮರೆಯಬೇಡಿ. ನೀರಿನ ಬಿಸಿಯೂ ಬೇಕು. 30 ಡಿಗ್ರಿಯಲ್ಲಿ ಆವಿ ಒತ್ತಡ ಸುಮಾರು 0.04 ಬಾರ್, 80 ಡಿಗ್ರಿಯಲ್ಲಿ 0.47. ಬಿಸಿನೀರಿನ ಲೈನಿನಲ್ಲಿ ತೊಂದರೆ ಜಾಸ್ತಿ ಏಕೆಂದು ಗೊತ್ತಾಯಿತಲ್ವಾ?

ಈಗ ಲೆಕ್ಕ. 1 ಬಾರ್ ಕೂಡಿಸಿದ ಮೇಲೆ ಒಳಬದಿ 8 ಬಾರ್, ಹೊರಬದಿ 4 ಬಾರ್, ನೀರು 30 ಡಿಗ್ರಿ ಎನ್ನೋಣ. ಇಳಿಕೆ 4 ಬಾರ್. ಕಿರಿದಾದ ಜಾಗ ದಾಟಿದ ಮೇಲೆ ಪ್ರೆಶರ್ ಎಷ್ಟು ಮರಳುತ್ತದೆ ಎಂದು ಸೂಚಿಸಲು ವಾಲ್ವ್ ಕಂಪನಿ ಕೊಡುವ ಎಫ್‌ಎಲ್ ಅಂಕಿಯನ್ನು ಅದೇ ಅಂಕಿಯಿಂದ ಗುಣಿಸಿ, ಒಳಬದಿಯ ಪ್ರೆಶರಿನಲ್ಲಿ ಆವಿ ಒತ್ತಡ ಕಳೆದು ಉಳಿದದ್ದರಿಂದ ಮತ್ತೆ ಗುಣಿಸಿ. ಗ್ಲೋಬ್ ವಾಲ್ವಿಗೆ ಎಫ್‌ಎಲ್ ಸುಮಾರು 0.9, ಹಾಗಾಗಿ ಇಳಿಕೆಯ ಮಿತಿ 6.4 ಬಾರ್. ಬಾಲ್ ವಾಲ್ವಿಗೆ 0.6 ಹಿಡಿದರೆ ಬರೀ 2.9, ನಮ್ಮ 4 ಬಾರ್ ಇಳಿಕೆ ಅದನ್ನು ದಾಟುತ್ತದೆ. ಅದೇ ಲೈನ್, ಅದೇ ನೀರು, ಬಾಲ್ ವಾಲ್ವ್ ಮಾತ್ರ ತಿಂದು ಹೋಗುತ್ತದೆ. ಈ ಮಿತಿ ಮುಟ್ಟುವ ಮೊದಲೇ ಸದ್ದು, ಸವೆತ ಶುರುವಾಗುವುದರಿಂದ ಸಾಕಷ್ಟು ಕೆಳಗೇ ಇರಿ.

ಹಾಳಾದ ವಾಲ್ವಿನ ಜಾಗಕ್ಕೆ ಅಂಥದ್ದೇ ಇನ್ನೊಂದನ್ನು ಕೂರಿಸುವುದು ದುಡ್ಡು ದಂಡ. ಟೆರೇಸ್ ಮೇಲಿನ ವಾಲ್ವನ್ನು ಕೆಳಗೆ ತಂದರೆ ಪ್ರತಿ 10 ಮೀಟರಿಗೆ ಎರಡೂ ಬದಿ ಸುಮಾರು 1 ಬಾರ್ ಹೆಚ್ಚು ಸಿಗುತ್ತದೆ. ನೀರು ಬಿಸಿಯಾಗುವ ಮೊದಲಿನ ಜಾಗ ಇನ್ನೂ ಒಳ್ಳೆಯದು. ಇಳಿಕೆ ದೊಡ್ಡದಿದ್ದರೆ ಎರಡು ವಾಲ್ವಿಗೆ ಹಂಚಿ, ಇಲ್ಲವೇ ಹಲವು ಹಂತದ ಟ್ರಿಮ್ (ವಾಲ್ವಿನ ಒಳಭಾಗಗಳು) ಹಾಕಿಸಿ. ಸ್ಟೆಲೈಟ್ ಎಂಬ ಗಟ್ಟಿ ಮಿಶ್ರಲೋಹದ ಲೇಪ ತಾಳಿಕೆ ಹೆಚ್ಚಿಸುತ್ತದೆ, ಕಾಯಿಲೆ ವಾಸಿ ಮಾಡುವುದಿಲ್ಲ.

ಬಂದರಿನ ಅಂಗಡಿಯಲ್ಲಿ ‘ಮೂರು ಇಂಚಿನದು ಕೊಡಿ’ ಎಂದರೆ ಸಾಲದು. ಎರಡೂ ಬದಿಯ ಪ್ರೆಶರ್, ನೀರಿನ ಬಿಸಿ, ಗಂಟೆಗೆ ಕನಿಷ್ಠ ಮತ್ತು ಗರಿಷ್ಠ ಎಷ್ಟು ನೀರು ಹರಿಯುತ್ತದೆ, ಇಷ್ಟನ್ನೂ ಚೀಟಿಯಲ್ಲಿ ಬರೆದುಕೊಡಿ.