ವೆಬ್‌ಸೈಟ್ ಕಟ್ಟುವ ಮುನ್ನ ಎರಡು ದಿನ ಫೋನ್ ಪಕ್ಕ ಕೂರಿ

ಬಸವನಗುಡಿಯ ಒಂದು ಕಣ್ಣಿನ ಕ್ಲಿನಿಕ್‌ನ ವೆಬ್‌ಸೈಟನ್ನು ಹೊಸದಾಗಿ ಮಾಡಿಕೊಡಿ ಎಂದು ಕರೆದಾಗ ನಾನು ಮೊದಲು ಕೇಳಿದ್ದು ರಿಸೆಪ್ಷನ್ ಪಕ್ಕ ಒಂದು ಕುರ್ಚಿ. ಎರಡು ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅಲ್ಲೇ ಕೂತು, ಫೋನ್ ತೆಗೆಯುವ ಅಕ್ಕನಿಗೆ ಬರುವ ಒಂದೊಂದು ಪ್ರಶ್ನೆಗೂ ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಾ ಹೋದೆ.

"ಡಾಕ್ಟ್ರು ಇವತ್ತು ಇದಾರಾ?" ಇದಕ್ಕೆ ಬಿದ್ದಷ್ಟು ಗೀಟು ಬೇರೆ ಯಾವುದಕ್ಕೂ ಬೀಳಲಿಲ್ಲ. ಆಮೇಲೆ "ಎಷ್ಟೊತ್ತಿಗೆ ಬರ್ಲಿ?" "ನ್ಯಾಷನಲ್ ಕಾಲೇಜ್ ಮೆಟ್ರೊ ಇಳಿದು ನಡ್ಕೊಂಡು ಬರಬಹುದಾ?" "ಫೀಸ್ ಎಷ್ಟಾಗುತ್ತೆ?" ನಾನು ನಿರೀಕ್ಷಿಸಿರದ ಇನ್ನೊಂದು ಪ್ರಶ್ನೆ ಮತ್ತೆ ಮತ್ತೆ ಬಂತು: "ಡ್ರಾಪ್ಸ್ ಹಾಕಿದ್ಮೇಲೆ ಗಾಡಿ ಓಡಿಸಬಹುದಾ, ಜೊತೆಗೆ ಯಾರಾದ್ರೂ ಬರ್ಬೇಕಾ?" ಡಾಕ್ಟರು ಎಲ್ಲಿ ಓದಿದರು, ಕ್ಲಿನಿಕ್‌ನ ಧ್ಯೇಯವೇನು ಎಂದು ಕೇಳಿದವರು ಒಬ್ಬರೂ ಇರಲಿಲ್ಲ.

ಹಳೆಯ ಸೈಟಿನಲ್ಲಿ ಇದ್ದದ್ದು ಸರಿಯಾಗಿ ಅದೇ. ತಾನಾಗಿ ಜಾರುವ ಐದು ದೊಡ್ಡ ಚಿತ್ರ, ಕೆಳಗೆ ಸ್ವಾಗತದ ಮಾತು, ಅದರ ಕೆಳಗೆ ಪದವಿಗಳ ಪಟ್ಟಿ. ಫೋನ್ ನಂಬರ್ ತೀರಾ ತಳದಲ್ಲಿ, ಬೂದು ಬಣ್ಣದ ಮೇಲೆ ತಿಳಿ ಬೂದು ಅಕ್ಷರದಲ್ಲಿ. ಅದನ್ನು ಏಳು ವರ್ಷದ ಹಿಂದೆ ಮಾಡಿದ್ದು ನಾನೇ. ಆಗ ನನ್ನ ಮುಂದೆ ಕೂತಿದ್ದವರು ಡಾಕ್ಟರು ಮಾತ್ರ. ರೋಗಿಯನ್ನು ನಾನು ನೋಡಿಯೇ ಇರಲಿಲ್ಲ. ಆ ಸೈಟಿನಿಂದ ಎಷ್ಟು ವಯಸ್ಸಾದವರು ಕಣ್ಣು ಕಿರಿದುಮಾಡಿ ನಂಬರ್ ಹುಡುಕಿರಬೇಕು ಎಂದು ಈಗಲೂ ನೋವಾಗುತ್ತದೆ. ಅಲ್ಲಿಂದೀಚೆಗೆ ಯಾವ ಸೈಟಿಗೂ ಜನ ಏನು ಕೇಳುತ್ತಾರೆಂದು ತಿಳಿಯದೆ ನಾನು ಪುಟ ಬರೆಯಲು ಕೂತಿಲ್ಲ.

ನೀವೂ ಹಾಗೇ ಶುರುಮಾಡಿ. ಅಂಗಡಿಯಾದರೆ ಕೌಂಟರ್ ಪಕ್ಕ, ಶಾಲೆಯಾದರೆ ಆಫೀಸ್ ಗುಮಾಸ್ತರ ಪಕ್ಕ, ಸಂಘವಾದರೆ ಕಾರ್ಯದರ್ಶಿಯ ವಾಟ್ಸಾಪ್ ಮುಂದೆ. ಜನ ಕೇಳುವ ಪ್ರಶ್ನೆಯನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ, ತಿದ್ದಬೇಡಿ. ಯಾವ ಪ್ರಶ್ನೆಗೆ ಗೀಟು ಹೆಚ್ಚೋ ಅದರ ಉತ್ತರ ಪುಟದಲ್ಲಿ ಎಲ್ಲಕ್ಕಿಂತ ಮೇಲೆ ಬರಬೇಕು. ವಿನ್ಯಾಸದ ಮುಕ್ಕಾಲು ಕೆಲಸ ಅಲ್ಲಿಗೆ ಮುಗಿಯುತ್ತದೆ.

ಕಾಗದದ ಮೇಲೆ, ಒಂದರ ಕೆಳಗೊಂದು

ಕಂಪ್ಯೂಟರ್ ತೆರೆಯುವ ಮೊದಲು ಮೊಬೈಲ್ ಆಕಾರದ ಉದ್ದನೆ ಚೌಕ ಬರೆದು, ಉತ್ತರಗಳನ್ನು ಒಂದರ ಕೆಳಗೊಂದು ಜೋಡಿಸಿ. 2010ರಲ್ಲಿ ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್ 'ರೆಸ್ಪಾನ್ಸಿವ್ ವೆಬ್ ಡಿಸೈನ್' ಎಂಬ ಹೆಸರು ಕೊಟ್ಟ ಮೇಲೆ, ಪರದೆ ಚಿಕ್ಕದಾದಂತೆ ಪಕ್ಕಪಕ್ಕದ ಕಾಲಂಗಳು ಮುರಿದು ಕೆಳಗಿಳಿಯುವುದು ಎಲ್ಲರಿಗೂ ರೂಢಿಯಾಗಿದೆ. ಎಡವಟ್ಟು ಆಗುವುದೂ ಅಲ್ಲೇ. ಲ್ಯಾಪ್‌ಟಾಪಿನಲ್ಲಿ ಬಲಗಡೆ ಕಣ್ಣಿಗೆ ಹೊಡೆಯುವಂತೆ ಇಟ್ಟ ಫೋನ್ ನಂಬರ್, ಮೊಬೈಲಿಗೆ ಬಂದಾಗ ಇಡೀ ಲೇಖನದ ಕೆಳಗೆ ಹೋಗಿ ಬಿದ್ದಿರುತ್ತದೆ. ಮೊದಲೇ ಒಂದರ ಕೆಳಗೊಂದು ಜೋಡಿಸಿದ್ದರೆ ಈ ಗತಿ ಬರುವುದಿಲ್ಲ. ದೊಡ್ಡ ಪರದೆಗೆ ಅದನ್ನೇ ಅಗಲಿಸುವುದು ಸುಲಭ.

ಕ್ಲಿನಿಕ್‌ನ ಪುಟ ಹೀಗಾಯಿತು: ಮೇಲೆ "ಇವತ್ತು ಡಾಕ್ಟರ್ ಇದ್ದಾರೆ" ಎಂಬ ಸಾಲು ಮತ್ತು ಸಮಯ. ಕೆಳಗೆ ಪರದೆಯ ಅಗಲಕ್ಕೂ "ಫೋನ್ ಮಾಡಿ" ಗುಂಡಿ. ಪುಟ ಎಷ್ಟೇ ಸರಿಸಿದರೂ ಅದು ತಳದಲ್ಲಿ, ಹೆಬ್ಬೆರಳಿಗೆ ಸಿಗುವಲ್ಲೇ ನಿಲ್ಲುತ್ತದೆ. ಆಮೇಲೆ ದಾರಿ, ಮೆಟ್ರೊದಿಂದ ಹೇಗೆ ಬರಬೇಕು ಎನ್ನುವುದರ ಸಮೇತ. ಆಮೇಲೆ ಫೀಸು, ಡ್ರಾಪ್ಸ್ ವಿಷಯ. ಪದವಿಗಳು ಬೇರೆ ಪುಟಕ್ಕೆ ಹೋದವು.

ಪರೀಕ್ಷೆಗೆಂದು ಕಣ್ಣಿನ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿಸಿಕೊಂಡವರಿಗೆ ಕೆಲವು ಗಂಟೆ ಹತ್ತಿರದ್ದು ಮಸುಕಾಗಿ ಕಾಣುತ್ತದೆ. ಅದೇ ಕಣ್ಣಿನಲ್ಲಿ ಅವರು ಮುಂದಿನ ಅಪಾಯಿಂಟ್‌ಮೆಂಟ್ ಪುಟ ನೋಡುತ್ತಾರೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗಿ ಒಳಗೆ ಹೋಗುವ ಬೆಳಕೂ ಕಡಿಮೆಯಾಗುತ್ತದೆ. ಹೀಗಾಗಿ ಇಲ್ಲಿ ತಿಳಿ ಬಣ್ಣದ ಚಂದಕ್ಕೆ ಜಾಗವಿಲ್ಲ. ವೆಬ್ ಪುಟ ಎಲ್ಲರಿಗೂ ಬಳಸಲು ಬರಬೇಕೆಂದು ಮಾಡಿದ ಡಬ್ಲ್ಯುಸಿಎಜಿ ನಿಯಮಾವಳಿ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5:1 ಕಾಂಟ್ರಾಸ್ಟ್ (ಅಕ್ಷರ, ಹಿನ್ನೆಲೆಗಳ ಬೆಳಕಿನ ಅಂತರ) ಇರಬೇಕು, ಅಕ್ಷರವನ್ನು 200 ಶೇಕಡಾಕ್ಕೆ, ಅಂದರೆ ಎರಡು ಪಟ್ಟಿಗೆ, ಹಿಗ್ಗಿಸಿದರೂ ಪುಟ ಕೆಡಬಾರದು ಎನ್ನುತ್ತದೆ. ನಾನು ಕಪ್ಪಿಗೆ ಹತ್ತಿರದ ಅಕ್ಷರ, ಬಿಳಿ ಹಿನ್ನೆಲೆ, 18 ಪಿಕ್ಸೆಲ್ ಗಾತ್ರ ಇಟ್ಟೆ. ಗುಂಡಿಗಳ ಎತ್ತರ 48 ಪಿಕ್ಸೆಲ್‌ಗಿಂತ ಕಡಿಮೆ ಮಾಡಲಿಲ್ಲ. ನಿಮ್ಮ ಮೊಬೈಲಿನ ಸೆಟ್ಟಿಂಗ್ಸ್‌ಗೆ ಹೋಗಿ ಅಕ್ಷರ ಅತಿ ದೊಡ್ಡದು ಮಾಡಿಕೊಂಡು ಒಂದು ದಿನ ಓಡಾಡಿ. ನಿಮ್ಮ ಅಪ್ಪ ಅಮ್ಮನ ಫೋನ್ ಹೆಚ್ಚುಕಡಿಮೆ ಹಾಗೇ ಇರುತ್ತದೆ.

ಪೀಣ್ಯದಲ್ಲಿ ಎಲ್ಲವೂ ತಿರುಗಾಮುರುಗಾ

ಇದೇ ಪುಟವನ್ನು ಪೀಣ್ಯದ ಮೆಷಿನ್ ಶಾಪ್‌ಗೆ ಹೊಂದಿಸಿದರೆ ಕೆಲಸ ಕೆಡುತ್ತದೆ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಲೋಹ ಕೊರೆಯುವ ಯಂತ್ರ) ಜಾಬ್ ವರ್ಕ್ ಮಾಡುವ ಒಬ್ಬ ಮಾಲೀಕರು "ಮೇಡಂ, ಸ್ವಲ್ಪ ಗ್ರ್ಯಾಂಡ್ ಆಗಿ ಕಾಣ್ಬೇಕು" ಎಂದು ಕಟ್ಟಡದ ಫೋಟೊ ಕೊಟ್ಟರು. ಅವರ ಈಮೇಲ್ ತೆರೆದು ಹಿಂದಿನ ವಿಚಾರಣೆಗಳನ್ನು ಇಬ್ಬರೂ ಕೂತು ಓದಿದೆವು. ಬರೆದವರೆಲ್ಲ ಪುಣೆ, ಕೊಯಮತ್ತೂರು ಕಡೆಯ ಪರ್ಚೇಸ್ ವಿಭಾಗದವರು. ಕೇಳಿದ್ದು: ವಿಎಂಸಿ ಎಂಬ ಕೊರೆಯುವ ಯಂತ್ರದ ಟೇಬಲ್ ಸೈಜ್ ಎಷ್ಟು, ಎಷ್ಟು ಮೈಕ್ರಾನ್ ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ) ಹಿಡಿಯುತ್ತೀರಿ, ಯಾವ ಮೆಟೀರಿಯಲ್, ಅಳತೆ ನೋಡುವ ಸಿಎಂಎಂ ಯಂತ್ರ ಇದೆಯೇ, ಐಎಸ್‌ಒ ಸರ್ಟಿಫಿಕೇಟ್ ಇದೆಯೇ.

ಇವರು ದೊಡ್ಡ ಮಾನಿಟರ್ ಮುಂದೆ ಕೂತು, ಇನ್ನೂ ನಾಲ್ಕು ವೆಂಡರ್‌ಗಳ ಪುಟ ತೆರೆದಿಟ್ಟು ಹೋಲಿಸುವವರು. ಅವರಿಗೆ ಬೇಕಾದದ್ದು ಕೋಷ್ಟಕ, ತುಂಬಿ ತುಳುಕುವಷ್ಟು ಅಂಕಿ. ಖಾಲಿ ಜಾಗ ಬಿಟ್ಟು ಸೊಗಸು ಮಾಡಿದರೆ ಅವರ ಸಮಯ ನುಂಗಿದಂತೆ. ಮೊದಲ ಪುಟದಲ್ಲೇ ಮೆಷಿನ್ ಪಟ್ಟಿ ಇಟ್ಟೆ. ಸಾಲಿನ ಮೊದಲ ಪದ ಮೆಷಿನ್ ಹೆಸರು, ನಂತರ ಅಳತೆ. ವೆಬ್ ಬಳಕೆಯನ್ನು ಅಧ್ಯಯನ ಮಾಡುವ ಜಾಕೊಬ್ ನೀಲ್ಸನ್ 2006ರಲ್ಲಿ ಕಣ್ಣಿನ ಚಲನೆ ಹಿಡಿದು ತೋರಿಸಿದ್ದು ಇದೇ: ಪರದೆಯ ಮೇಲೆ ಜನ ಮೇಲಿನ ಒಂದೆರಡು ಸಾಲು ಅಡ್ಡಡ್ಡ ಓದಿ, ಆಮೇಲೆ ಎಡ ಅಂಚಿನಲ್ಲೇ ಕೆಳಕ್ಕೆ ಜಾರುತ್ತಾರೆ, ಇಂಗ್ಲಿಷಿನ ಎಫ್ ಅಕ್ಷರದ ಹಾಗೆ. ಪುಟದ ಕೊನೆಗೆ ಡ್ರಾಯಿಂಗ್ ಲಗತ್ತಿಸುವ ಜಾಗ, ಪಿಡಿಎಫ್ ಅಥವಾ ಮೂರು ಆಯಾಮದ ಸ್ಟೆಪ್ ಫೈಲ್. ಕಟ್ಟಡದ ಫೋಟೊ 'ನಮ್ಮ ಬಗ್ಗೆ' ಪುಟದಲ್ಲಿದೆ. ಮಾಲೀಕರಿಗೆ ಅದರ ಬಗ್ಗೆ ಅಭಿಮಾನವಿದೆ, ಇರಬೇಕಾದದ್ದೇ.

ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಗೀಟು ಹಾಕಬೇಕಾಗಿಯೇ ಬರಲಿಲ್ಲ, ಕೌಂಟರಿನ ಮಾತೇ ಪುಟವಾಯಿತು. ಗಾದಿಯ ಮೇಲೆ ಕೂತವರು ಮೊದಲು ಕೇಳುವುದು "ಎಷ್ಟರೊಳಗೆ ತೋರಿಸ್ಲಿ ಅಮ್ಮ?" ಎರಡನೆಯದು "ಮುಹೂರ್ತಕ್ಕಾ, ಕೊಡೋದಕ್ಕಾ?" ಹಾಗಾಗಿ ಮೇಲೆ ಬೆಲೆಯ ಆಯ್ಕೆ, ಅದರ ಕೆಳಗೆ 'ಮುಹೂರ್ತಕ್ಕೆ', 'ಕೊಡೋದಕ್ಕೆ', 'ದಿನದ ಬಳಕೆಗೆ'. ಮೊಬೈಲಿನಲ್ಲಿ ಸಾಲಿಗೆ ಎರಡು ಸೀರೆ. ಒಂದೊಂದಕ್ಕೂ ಮೂರು ಫೋಟೊ: ಒಡಲು, ಅಂಚು, ಸೆರಗು. ಫೋಟೊ ತೆಗೆದದ್ದು ಅಂಗಡಿಯ ಬಾಗಿಲ ಬಳಿಯ ಹಗಲು ಬೆಳಕಿನಲ್ಲಿ, ಏಕೆಂದರೆ ಟ್ಯೂಬ್‌ಲೈಟಿನಲ್ಲಿ ರಾಣಿ ಬಣ್ಣ ಬೇರೆಯೇ ಕಾಣುತ್ತದೆ. ಸೀರೆಯನ್ನು ಒಬ್ಬರೇ ನಿರ್ಧರಿಸುವುದಿಲ್ಲ. ಅಕ್ಕ, ಅತ್ತಿಗೆ, ಸೋದರತ್ತೆ ಎಲ್ಲರಿಗೂ ಹೋಗಿ ಬರಬೇಕು. ಆದ್ದರಿಂದ ಪ್ರತಿ ಸೀರೆಗೂ ಅದರದೇ ಲಿಂಕ್, ಕಾಣುವಂತೆ ಒಂದು ನಂಬರ್, ಪಕ್ಕದಲ್ಲೇ ವಾಟ್ಸಾಪ್ ಗುಂಡಿ. ಕೋಡ್‌ನಲ್ಲಿ ಪ್ರತಿ ಫೋಟೊದ ಅಗಲ ಎತ್ತರ ಬರೆದಿಡಿ. ಇಲ್ಲದಿದ್ದರೆ ಫೋಟೊ ಬಂದು ಕೂರುವಾಗ ಪುಟ ಜಿಗಿದು, ಒತ್ತಬೇಕಾದ ಸೀರೆ ಬಿಟ್ಟು ಬೇರೊಂದು ತೆರೆಯುತ್ತದೆ. ಪುಟದ ಮುಖ್ಯ ಚಿತ್ರ 2.5 ಸೆಕೆಂಡಿನೊಳಗೆ ಬರಬೇಕೆಂಬುದು ಗೂಗಲ್‌ನ ಅಳತೆ. ಅಂಗಡಿಯ ಒಳಗೆ ಸಿಗ್ನಲ್ ಕಡಿಮೆ ಇರುವಲ್ಲಿ ನಿಂತು ನೋಡಿ.

ಕನ್ನಡದ ಪುಟಕ್ಕೆ ಕನ್ನಡದ ಅಳತೆ

ಇದನ್ನು ಮಾತ್ರ ನಿಧಾನವಾಗಿ ಓದಿ. ಇಂಗ್ಲಿಷ್ ಪುಟದ ಅಳತೆಗೆ ಕನ್ನಡ ಸುರಿದರೆ ಮೊದಲು ಪೆಟ್ಟು ಬೀಳುವುದು ಒತ್ತಕ್ಷರಕ್ಕೆ. ಒಮ್ಮೆ ಮಕ್ಕಳ ಗ್ರಂಥಾಲಯವೊಂದಕ್ಕೆ ಮಾಡಿದ ಮೆನುವಿನಲ್ಲಿ ಸಾಲಿನ ಎತ್ತರ ಅಕ್ಷರ ಗಾತ್ರದ 1.2 ಪಟ್ಟು ಇತ್ತು, ಪೆಟ್ಟಿಗೆಯಿಂದ ಹೊರಗೆ ಹೋದದ್ದು ಕಾಣದಂತೆ ಮುಚ್ಚಿತ್ತು. 'ಕತ್ತೆ ಮತ್ತು ಅಗಸ' ಎಂಬ ಹೆಸರಿನಲ್ಲಿ ತಕಾರದ ಒತ್ತು ಕತ್ತರಿಸಿ ಹೋಗಿ 'ಕತೆ' ಆಗಿ ನಿಂತಿತ್ತು. ಹಾಕಿದ ಎರಡು ವಾರ ಯಾರೂ ಗಮನಿಸಲಿಲ್ಲ. ಓದಲು ಕಲಿಯುತ್ತಿದ್ದ ಒಂದು ಮಗು ಅಕ್ಷರ ಅಕ್ಷರ ಹಿಡಿದು ಓದಿದಾಗ ಗೊತ್ತಾಯಿತು. ಸಾಲಿನ ಎತ್ತರ 1.7ರ ಆಸುಪಾಸು ಇಡಿ. 'ರಾಷ್ಟ್ರ', 'ಸ್ತ್ರೀ', 'ಕಣ್ಣು', 'ಹತ್ತು' ಪದಗಳನ್ನು ಪ್ರತಿ ಗುಂಡಿ, ಪ್ರತಿ ಮೆನುವಿನಲ್ಲಿ ಹಾಕಿ ನೋಡಿ.

ಅಕ್ಷರಗಳ ನಡುವಿನ ಜಾಗ ಅಗಲಿಸಬೇಡಿ, ಪದ ಹರಿದಂತೆ ಕಾಣುತ್ತದೆ. ಓರೆ ಅಕ್ಷರ ಬೇಡ. ಒತ್ತಿ ಹೇಳಬೇಕಾದರೆ ದಪ್ಪ ಮಾಡಿ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಫಾಂಟ್‌ಗಳು ಉಚಿತವಾಗಿ ಸಿಗುತ್ತವೆ. ಉದ್ದ ಬರಹಕ್ಕೆ ನಾನು ನೋಟೊ ಬಳಸುತ್ತೇನೆ, ಬಾಲೂ ತಮ್ಮ ಶೀರ್ಷಿಕೆಗೆ ಚೆನ್ನ. ಪುಟದ ಭಾಷೆ ಕನ್ನಡ ಎಂದು ಕೋಡ್‌ನಲ್ಲಿ ಹೇಳಿ, ಆಗ ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಯಾವ ದನಿಯಲ್ಲಿ ಓದಬೇಕೆಂದು ತಿಳಿಯುತ್ತದೆ. ಡಿಟಿಪಿಯವರು ಹಳೆಯ ನುಡಿ ಫಾಂಟಿನ ಫೈಲ್ ಕಳಿಸಿದರೆ ಎಲ್ಲ ಫೋನ್‌ನಲ್ಲೂ ಓದಲು ಬರುವ ಯೂನಿಕೋಡ್‌ಗೆ ಬದಲಿಸಿ, ಅರ್ಕಾವತ್ತು ಇರುವ ಪದಗಳನ್ನು ಮತ್ತೊಮ್ಮೆ ಓದಿಕೊಳ್ಳಿ. ಬೇಸರಪಟ್ಟು ಪಾಂಪ್ಲೆಟ್ಟನ್ನೇ ಚಿತ್ರ ಮಾಡಿ ಹಾಕಬೇಡಿ. ಚಿತ್ರದೊಳಗಿನ ಅಕ್ಷರ ಮೊಬೈಲಿನ ಅಗಲಕ್ಕೆ ಹೊಂದಿಕೊಳ್ಳುವುದಿಲ್ಲ, ಹುಡುಕಿದರೆ ಸಿಗುವುದಿಲ್ಲ.

ಫಾರಂ ಇದ್ದರೆ ಹೆಸರಿಗೆ ಒಂದೇ ಪೆಟ್ಟಿಗೆ ಸಾಕು. ಇನಿಷಿಯಲ್ ಮಾತ್ರ ಇರುವ ನಮ್ಮ ಜನರ ಮುಂದೆ 'ಫಸ್ಟ್ ನೇಮ್', 'ಲಾಸ್ಟ್ ನೇಮ್' ಎಂದು ಎರಡು ಪೆಟ್ಟಿಗೆ ಇಟ್ಟರೆ ಅಲ್ಲೇ ನಿಂತುಬಿಡುತ್ತಾರೆ. ವಿಳಾಸಕ್ಕೂ ದೊಡ್ಡದೊಂದೇ ಪೆಟ್ಟಿಗೆ. ಮೇನು, ಕ್ರಾಸು, ಬ್ಲಾಕು, 'ಗಣಪತಿ ದೇವಸ್ಥಾನದ ಎದುರು' ಎಲ್ಲ ಅದರಲ್ಲಿ ಹಿಡಿಯಬೇಕು.

ಪುಟ ಸಿದ್ಧವಾದ ಮೇಲೆ ಐದು ಜನರ ಕೈಗೆ ಕೊಡಿ, ನಿಮ್ಮ ಸಹೋದ್ಯೋಗಿಗಳಿಗಲ್ಲ, ಬಳಸುವವರಿಗೆ. ಒಂದೇ ಕೆಲಸ ಹೇಳಿ: "ನಾಳೆ ಡಾಕ್ಟರ್ ಎಷ್ಟೊತ್ತಿಗೆ ಸಿಗ್ತಾರೆ ನೋಡಿ ಹೇಳಿ." ಆಮೇಲೆ ಬಾಯಿ ತೆರೆಯಬೇಡಿ, ಬೆರಳು ಎಲ್ಲಿ ತಡೆಯುತ್ತದೆ ಅಷ್ಟು ನೋಡಿ. ಕ್ಲಿನಿಕ್‌ನಲ್ಲಿ ಒಬ್ಬ ಹಿರಿಯರು ಯಾವುದು ಗುಂಡಿ ಎಂದು ತಿಳಿಯದೆ ಸಮಯದ ಸಾಲನ್ನೇ ಒತ್ತುತ್ತಿದ್ದರು. ಆ ಸಾಲನ್ನೂ ಗುಂಡಿ ಮಾಡಿದೆ. ಒತ್ತಿದರೆ ವಾರದ ಸಮಯವೆಲ್ಲ ತೆರೆಯುತ್ತದೆ.

ತಿಂಗಳಾದ ಮೇಲೆ ಮತ್ತೆ ಹೋಗಿ ಅದೇ ಕುರ್ಚಿಯಲ್ಲಿ ಕೂತೆ. "ಡಾಕ್ಟ್ರು ಇದಾರಾ" ಎಂಬ ಗೀಟು ಕಡಿಮೆಯಾಗಿತ್ತು. ಜೋರು ಮಳೆ ಬಂದ ದಿನ ಮಾತ್ರ ಫೋನ್ ನಿಲ್ಲಲಿಲ್ಲ: "ಈ ಮಳೇಲೂ ಬರ್ತಾರಾ?" ಮೇಲಿನ ಆ ಸಾಲನ್ನು ಅಕ್ಕ ತನ್ನ ಮೊಬೈಲಿನಿಂದಲೇ ಬದಲಿಸುವಂತೆ ಮಾಡಿಕೊಟ್ಟೆ. ಸಂಜೆ ಅವರು ಮೊದಲ ಸಲ ಬರೆದದ್ದು, "ಮಳೆ ಇದೆ, ಡಾಕ್ಟ್ರು ಬಂದಿದಾರೆ, ನಿಧಾನವಾಗಿ ಬನ್ನಿ."